ಕಾರ್ಪೆಟ್ಟಿನ ಕೆಳಗೆ ಏನದ?

ಕೊಲ್ಹಾಪುರದ ದಸರಾ ನೋಡಿದವರಿಗೆ ಛತ್ರಪತಿ ಮನೆತನದವರು ದಸರಾ ಚೌಕಕ್ಕೆ ಬರುವ ಹಳೆಯ ಮೇಬ್ಯಾಕ್ ಕಾರು ಗೊತ್ತಿರುತ್ತದೆ. 1930ರ ದಶಕದ ಜರ್ಮನ್ ಕಾರು ಅದು. ಜನ ಅದರ ಉದ್ದನೆಯ ಮೂತಿ ನೋಡ್ತಾರೆ, ದೊಡ್ಡ ದೀಪ ನೋಡ್ತಾರೆ, ಫೋಟೋ ತಗೋತಾರೆ. ಇಂಥ ಹಳೇ ಕಾರುಗಳ ಒಳಗೆ ಕಾಲಿಡುವ ಜಾಗವನ್ನು ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ. ಆದರೆ ಹಳೇ ಕಾರು ಕೆಡಲು ಶುರುವಾಗುವುದು ಬಹಳ ಸಲ ಅಲ್ಲಿಂದಲೇ.

ರಾಜರ ಕಾರಿನ ಮಾತು ಹಾಗಿರಲಿ. ಆಜರಾ, ಗಡಹಿಂಗ್ಲಜ, ಇಚಲಕರಂಜಿ ಕಡೆ ಹಳೇ ಮನೆಗಳ ಮುಂದೆ ತಾಡಪತ್ರಿ ಹೊದ್ದುಕೊಂಡು ನಿಂತ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ನೀವು ಕಂಡಿರಬಹುದು. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿತ್ತು. 2014ರಲ್ಲಿ ಅದರ ತಯಾರಿಕೆ ನಿಂತಿತು. ಪದ್ಮಿನಿ ಮೂಲತಃ ಇಟಲಿಯ ಫಿಯೆಟ್ 1100. ಅದನ್ನು ಮುಂಬಯಿಯ ಕುರ್ಲಾದಲ್ಲಿ ಮಾಡುತ್ತಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಕಟ್ಟಿದವರು ವಾಲಚಂದ್ ಹಿರಾಚಂದ್, ಅಂದರೆ ನಮ್ಮ ಪಕ್ಕದ ಸೊಲ್ಲಾಪುರದಲ್ಲಿ ಹುಟ್ಟಿದವರು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ.

50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದಿರುವ ಗಾಡಿಗೆ 'ವಿಂಟೇಜ್' ಎಂದು ಬೇರೆ ನೋಂದಣಿ ಕೊಡುವ ನಿಯಮವನ್ನು ಕೇಂದ್ರ ಸರಕಾರ 2021ರಲ್ಲಿ ತಂದಿದೆ. ಹೀಗಾಗಿ ಹಳೇ ಕಾರು ಸರಿಮಾಡಿಸುವವರು ಈಗ ಹೆಚ್ಚಾಗಿದ್ದಾರೆ. ಸರಿಮಾಡಿಸುವಾಗ ಎಲ್ಲರೂ ಮೊದಲು ಕೇಳುವುದು ಬಣ್ಣ, ಆಮೇಲೆ ಸೀಟು, ಕಾರ್ಪೆಟ್ಟು. ಕಾರ್ಪೆಟ್ ಅಂದರೆ ಬರೀ ಚಂದಕ್ಕೆ ಅಂತ ತಿಳಿದು, ಅಂಗಡಿಯಿಂದ ಗಜದ ಲೆಕ್ಕದಲ್ಲಿ ತಂದು, ಸೊಲ್ಯೂಷನ್ ಬಳಿದು ಅಂಟಿಸಿಬಿಡ್ತಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ಕೆಳಗಿನ ಪತ್ರಾ ಹಪ್ಪಳದ ಹಾಗೆ ಆಗಿರುತ್ತದೆ. ಯಾಕೆ ಹೀಗಾಗ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನೆಲವೇ ಕಾರಿನ ಬೆನ್ನೆಲುಬು

ಲಾರಿಗೆ ಕೆಳಗೆ ದಪ್ಪನೆಯ ಚಾಸಿ ಇರುತ್ತದೆ, ಅದರ ಮೇಲೆ ಕ್ಯಾಬಿನ್ ಕೂಡಿಸಿರುತ್ತಾರೆ. ಅಂಬಾಸಿಡರ್, ಪದ್ಮಿನಿಗಳಿಗೆ ಹಾಗೆ ಬೇರೆ ಚಾಸಿ ಇಲ್ಲ. ನೆಲದ ಪತ್ರಾ, ಬಾಗಿಲ ಕೆಳಗಿನ ಹೊಸ್ತಿಲು, ಕಂಬ, ಛಾವಣಿ ಎಲ್ಲ ಸೇರಿ ಒಂದೇ ಪೆಟ್ಟಿಗೆ. ಬೆಂಕಿಪೊಟ್ಟಣದ ಹಾಗೆ ಅನ್ನಿ. ಖಾಲಿ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡ್ರಿ, ಬಿಗಿಯಾಗಿರುತ್ತದೆ. ಒಂದು ಬದಿಯ ಕಾಗದ ಹರಿದು ಮತ್ತೆ ತಿರುಚಿ, ಸೊಟ್ಟಗಾಗಿಬಿಡ್ತದೆ. ಕಾರಿನ ನೆಲ ತೂತು ಬಿದ್ದರೆ ಆಗುವುದೂ ಇದೇ. ಬಾಗಿಲು ಸರಿಯಾಗಿ ಕೂಡುವುದಿಲ್ಲ, ಸೀಟಿನ ಬೋಲ್ಟು ಹಿಡಿದ ಜಾಗ ಸಡಿಲಾಗುತ್ತದೆ. ಇನ್ನೂ ಒಂದು ಅಪಾಯ ಅದ: ಸೈಲೆನ್ಸರ್ ನಳಿಗೆ ಹೋಗುವುದು ನೆಲದ ಕೆಳಗೇ. ನಳಿಗೆಯೂ ಸೋರುತ್ತಿದ್ದರೆ ಹೊಗೆ ನೆಲದ ತೂತಿನಿಂದ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೇಲೆ ಹೊಸ ಕಾರ್ಪೆಟ್ ಹಾಸಿದರೆ ತೂತು ಕಾಣುವುದಿಲ್ಲ ಅಷ್ಟೇ, ಗಾಳಿ ನುಸುಳುವುದು ನಿಲ್ಲುವುದಿಲ್ಲ.

ಈ ನೆಲದ ಪತ್ರಾ ಎಷ್ಟು ದಪ್ಪ? ಸುಮಾರು 1 ಮಿಲಿಮೀಟರ್. ನಿಮ್ಮ ಅಳತೆಪಟ್ಟಿಯ ಒಂದು ಸಣ್ಣ ಗೆರೆಯಿಂದ ಮುಂದಿನ ಗೆರೆಯಷ್ಟು.

ತುಕ್ಕಿಗೆ (ಮರಾಠಿಯಲ್ಲಿ ಗಂಜ್) ನೀರು ಮತ್ತು ಆಮ್ಲಜನಕ ಎರಡೂ ಬೇಕು ಅನ್ನುವುದನ್ನು ಮೂರು ಪ್ರನಾಳಗಳ ಪ್ರಯೋಗದಲ್ಲಿ ಓದಿದ್ದೀರಿ. ಕಾರಿನ ಲೆಕ್ಕಕ್ಕೆ ಒಂದು ನಾಲ್ಕನೆಯ ಪ್ರಯೋಗ ಬೇಕು. ಒಂದು ಹಳೇ ಕಬ್ಬಿಣದ ಪಟ್ಟಿಯನ್ನು ಚೆನ್ನಾಗಿ ಉಜ್ಜಿ, ಅದರ ಅರ್ಧ ಭಾಗಕ್ಕೆ ಒದ್ದೆ ಗೋಣಿತಟ್ಟು ಸುತ್ತಿ, ಉಳಿದರ್ಧ ಹಾಗೇ ಬಿಡಿ. ದಿನವೂ ಗೋಣಿಗೆ ನಾಲ್ಕು ಹನಿ ಉಪ್ಪುನೀರು ಹಾಕಿ. ವಾರದ ನಂತರ ಬಿಚ್ಚಿದರೆ ಗೋಣಿಯ ಕೆಳಗಿನ ಭಾಗವೇ ಹೆಚ್ಚು ತಿಂದುಹೋಗಿರುತ್ತದೆ. ಒದ್ದೆ ಬಟ್ಟೆಯ ಒಳಭಾಗಕ್ಕೆ ಗಾಳಿ ಕಡಿಮೆ, ಅಂಚಿಗೆ ಗಾಳಿ ಹೆಚ್ಚು. ಈ ವ್ಯತ್ಯಾಸದಿಂದಲೇ ಅಲ್ಲಿ ಒಂದು ಸಣ್ಣ ವಿದ್ಯುತ್ ಕೋಶ ಏರ್ಪಡುತ್ತದೆ. ಆಮ್ಲಜನಕ ಕಡಿಮೆ ಇರುವ ಕಡೆ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ, ಹೆಚ್ಚಿರುವ ಕಡೆ ಆಮ್ಲಜನಕ ಆ ಎಲೆಕ್ಟ್ರಾನ್ ಪಡೆಯುತ್ತದೆ. ಗಾಳಿ ಕಡಿಮೆಯಿದ್ದರೆ ತುಕ್ಕೂ ಕಡಿಮೆ ಅಂತ ನಾವು ಅಂದುಕೊಂಡಿರ್ತೀವಿ, ಇಲ್ಲಿ ನಡೆಯುವುದು ಉಲ್ಟಾ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ತಗೋತದೆ. ಅದಕ್ಕೇ ಮೇಲಿನ ಬಣ್ಣ ಉಬ್ಬಿ ಸಿಪ್ಪೆ ಏಳುವುದು.

ಕಂಬಳಿಗೊಂದು ನ್ಯಾಯ, ಕಾರ್ಪೆಟ್ಟಿಗೊಂದು ನ್ಯಾಯ

ಈಗ ಒಂದು ಪ್ರಶ್ನೆ. ನಮ್ಮ ಕಡೆ ಕುರುಬರು, ಧನಗರರು ಮಳೆಯಲ್ಲಿ ಕಂಬಳಿ ಹೊದ್ದುಕೊಂಡೇ ಕುರಿ ಕಾಯುತ್ತಾರೆ. ಉಣ್ಣೆಯ ಕಂಬಳಿ ಇಡೀ ಮಳೆಗಾಲ ತಡೆಯುತ್ತದೆ. ಹಾಗಿದ್ದರೆ ಉಣ್ಣೆಯ ಕಾರ್ಪೆಟ್ ಕಾರಿನಲ್ಲಿ ಯಾಕೆ ಕೆಟ್ಟದ್ದು ಮಾಡಬೇಕು?

ಉಣ್ಣೆ ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ನೀರಾವಿಯನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಕುರಿ ಕಾಯುವವರು ಮನೆಗೆ ಬಂದು ಕಂಬಳಿಯನ್ನು ಗಳಕ್ಕೆ ಹಾಕುತ್ತಾರೆ, ಒಲೆಯ ಹತ್ತಿರ ಒಣಗಿಸುತ್ತಾರೆ. ಅದಕ್ಕೆ ಎರಡೂ ಕಡೆಯಿಂದ ಗಾಳಿ ಆಡುತ್ತದೆ. ಕಾರಿನ ಕಾರ್ಪೆಟ್ಟಿಗೆ ಈ ಭಾಗ್ಯ ಇಲ್ಲ. ಕೆಳಗೆ ಪತ್ರಾ, ಮೇಲೆ ಬಹಳ ಸಲ ಒಂದು ರಬ್ಬರ್ ಮ್ಯಾಟು. ರಬ್ಬರ್ ಮ್ಯಾಟ್ ಕೆಸರನ್ನು ಕೆಳಗೆ ಇಳಿಯಗೊಡುವುದಿಲ್ಲ ನಿಜ, ಕೆಳಗಿನ ಹಸಿಯನ್ನು ಮೇಲೇಳಲೂ ಬಿಡುವುದಿಲ್ಲ.

ಆಜರಾ ಸಹ್ಯಾದ್ರಿಯ ಅಂಚಿನ ಊರು. ಹಿರಣ್ಯಕೇಶಿ ಹುಟ್ಟುವ ಅಂಬೋಲಿ ಇಲ್ಲೇ ಪಕ್ಕದಲ್ಲಿದೆ, ಮಹಾರಾಷ್ಟ್ರದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಆ ನದಿಯ ದಂಡೆಗುಂಟ ಗಡಹಿಂಗ್ಲಜ, ಸಂಕೇಶ್ವರದ ಕಡೆ ಬಂದಂತೆಲ್ಲ ಮಳೆ ಕಡಿಮೆ. ಒಂದೇ ಕಾರು, ಒಂದೇ ಕಾರ್ಪೆಟ್ಟು. ಸಂಕೇಶ್ವರದಲ್ಲಿ ನಡೆದೀತು, ಆಜರಾದಲ್ಲಿ ನಡೆಯುವುದಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ 60 ಪ್ರತಿಶತ ದಾಟಿದರೆ ಉಕ್ಕಿಗೆ ತುಕ್ಕು ಜೋರಾಗುತ್ತದೆ. ಮಲೆನಾಡಿನ ಅಂಚಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅದಕ್ಕಿಂತ ಕೆಳಗೆ ಇಳಿಯುವ ದಿನಗಳೇ ಅಪರೂಪ.

ನೀರು ಎಲ್ಲಿಂದ ಬರ್ತದ?

ಒಳ್ಳೆಯ ಕುಶನ್ ಕೆಲಸದವರ ಹತ್ತಿರ ಹೋದರೆ ಅವರು ಕಾರ್ಪೆಟ್ಟಿನ ಬಣ್ಣ ಕೇಳುವ ಮೊದಲು, "ನೀರು ಎಲ್ಲಿಂದ ಬರ್ತದ ಅದನ್ನ ಮೊದಲ ಹುಡುಕ್ರಿ" ಅಂತಾರೆ. ಹುಡುಕುವುದಕ್ಕೂ ಒಂದು ಕ್ರಮ ಇದೆ. ಹಳೇ ಕಾರ್ಪೆಟ್, ಸೀಟು ಎಲ್ಲ ತೆಗೆದು, ಒಳಗೆ ಒಬ್ಬರು ಬ್ಯಾಟರಿ ಹಿಡಿದು ಕೂಡಬೇಕು. ಹೊರಗಿನವರು ತಂಬಿಗೆಯಿಂದ ನೀರು ಹಾಕಬೇಕು. ಮೇಲಿನಿಂದ ಅಲ್ಲ, ಕೆಳಗಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ. ಮೊದಲೇ ಛಾವಣಿಯ ಮೇಲೆ ಸುರುವಿದರೆ ನೀರು ಎಲ್ಲ ಕಡೆ ಹರಿದು, ಯಾವ ಸಂದಿಯಿಂದ ಒಳಗೆ ಬಂತು ಅನ್ನುವುದೇ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಅಂಶ ಬದಲಿಸಬೇಕು ಅಂತ ಪ್ರಯೋಗಶಾಲೆಯಲ್ಲಿ ಹೇಳಿಕೊಡ್ತೀವಲ್ಲ, ಇಲ್ಲಿ ಆಗುತ್ತಿರುವುದೂ ಅದೇ.

ಮುಂದಿನ ಗಾಜಿನ ರಬ್ಬರ್ ಒಣಗಿ ಬಿರುಕು ಬಿಟ್ಟಿರಬಹುದು. ನೆಲದಲ್ಲಿರುವ ರಬ್ಬರ್ ಬಿರಡೆ ಬಿದ್ದುಹೋಗಿರಬಹುದು. ಆದರೆ ಎಲ್ಲಕ್ಕಿಂತ ಮೋಸದ ಜಾಗ ಬಾಗಿಲು. ಬಾಗಿಲ ಗಾಜಿನ ಮೇಲೆ ಬಿದ್ದ ಮಳೆನೀರು ಬಾಗಿಲ ಹೊಟ್ಟೆಯೊಳಗೆ ಇಳಿಯುತ್ತದೆ. ಅದು ದೋಷ ಅಲ್ಲ, ಬಾಗಿಲು ಮಾಡಿರುವುದೇ ಹಾಗೆ. ಒಳಗೆ ಇಳಿದ ನೀರು ಬಾಗಿಲ ಅಡಿಯಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ಈ ತೂತುಗಳಲ್ಲಿ ಮಣ್ಣು ತುಂಬಿದರೆ ಬಾಗಿಲೇ ಹೌದ ಆಗ್ತದೆ. ಹೊಟ್ಟೆಗೂ ಒಳಗಿನ ಡೋರ್ ಪ್ಯಾಡಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರಬೇಕು, ಅದರ ಕೆಳ ಅಂಚು ಬಾಗಿಲ ಒಳಕ್ಕೆ ಸೇರಿರಬೇಕು. ಡೋರ್ ಪ್ಯಾಡ್ ಅಂದರೆ ಹಾರ್ಡ್‌ಬೋರ್ಡಿನ ಮೇಲೆ ತೆಳು ಫೋಮು, ಅದರ ಮೇಲೆ ರೆಗ್ಜಿನ್. ಹಾರ್ಡ್‌ಬೋರ್ಡ್ ಅಂದರೆ ಒತ್ತಿ ಮಾಡಿದ ಮರದ ನಾರು. ನೀರು ತಾಗಿದರೆ ನಾರು ಉಬ್ಬಿ, ಹಲಗೆ ಅಲೆಯಲೆಯಾಗಿ ಡೊಂಕಾಗುತ್ತದೆ. ಸಿಕ್ಕಿಸಿದ ಕ್ಲಿಪ್ಪುಗಳು ಕಿತ್ತು ಬರುತ್ತವೆ, ನೀರು ಕಾರ್ಪೆಟ್ಟಿಗೆ ಇಳಿಯುತ್ತದೆ. ಅವಸರದ ಕೆಲಸದವರು ಹರಿದ ಆ ಹಾಳೆಯನ್ನು "ಇದರದ್ದೇನು ಕೆಲಸ" ಅಂತ ಕಿತ್ತು ಬಿಸಾಡುವುದು ಉಂಟು. ಹತ್ತು ರೂಪಾಯಿಯ ಪ್ಲಾಸ್ಟಿಕ್ ಉಳಿಸಿ ಸಾವಿರಾರು ರೂಪಾಯಿಯ ಕೆಲಸ ಹಾಳು!

ಸೋರುವುದು ನಿಂತ ಮೇಲೆ ಪತ್ರಾ ಕೆಲಸ. ಕೊಳೆತ ಭಾಗ ಕತ್ತರಿಸಿ ಹೊಸ ಪತ್ರಾ ಬೆಸೆಯಬೇಕು. ತೂತಿನ ಮೇಲೆ ಪುಟ್ಟಿ ಮೆತ್ತುವುದು ಕೆಲಸ ಅಲ್ಲ, ಕಣ್ಕಟ್ಟು. ಮೇಲ್ಮೈ ತುಕ್ಕು ಉಳಿದಿದ್ದರೆ ಫಾಸ್ಫಾರಿಕ್ ಆಮ್ಲ ಇರುವ ದ್ರಾವಣ ಹಚ್ಚಿದಾಗ ಅದು ಕಬ್ಬಿಣದ ಫಾಸ್ಫೇಟ್ ಎಂಬ ಗಟ್ಟಿ ಪದರವಾಗುತ್ತದೆ. ಆಮೇಲೆ ರೆಡ್ ಆಕ್ಸೈಡ್. ತಮಾಷೆ ನೋಡ್ರಿ, ಆ ಕೆಂಪು ಬಣ್ಣದ ಪುಡಿಯೂ ಕಬ್ಬಿಣದ ಆಕ್ಸೈಡೇ, ತುಕ್ಕಿನ ಬಳಗದ್ದು! ಆಗಲೇ ಆಮ್ಲಜನಕದ ಜೊತೆ ಸೇರಿದ್ದಕ್ಕೆ ಇನ್ನು ತುಕ್ಕು ಹಿಡಿಯುವ ಮಾತಿಲ್ಲ.

ಸದ್ದು ಕೊಲ್ಲುವ ಪದರಗಳು

ಅಡುಗೆಮನೆಯ ಸ್ಟೀಲ್ ತಾಟನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ ಚಮಚದಿಂದ ಬಡಿಯಿರಿ. ಟಣ್ ಅಂತ ಬಹಳ ಹೊತ್ತು ನಾದ ಬರ್ತದೆ. ಈಗ ತಾಟಿನ ಹಿಂಬದಿಗೆ ನಾದಿದ ಹಿಟ್ಟಿನ ಒಂದು ಉಂಡೆ ಒತ್ತಿ ಮತ್ತೆ ಬಡಿಯಿರಿ. ಟಪ್! ಅಷ್ಟೇ. ಪತ್ರಾ ನಡುಗುವ ಶಕ್ತಿಯನ್ನು ಮೆತ್ತನೆಯ ಹಿಟ್ಟು ಉಷ್ಣವಾಗಿ ಬದಲಿಸಿಬಿಟ್ಟಿತು. ಕಾರಿನ ನೆಲಕ್ಕೆ ಅಂಟಿಸುವ ಡಾಂಬರಿನ ಹಾಳೆಯ ಕೆಲಸವೂ ಇದೇ. ಅದನ್ನು ನೆಲದ ತುಂಬ ಅಂಟಿಸಬೇಕಾಗಿಲ್ಲ, ಅಗಲವಾದ ಚಪ್ಪಟೆ ಭಾಗಗಳ ನಡುವೆ ಇದ್ದರೆ ಸಾಕು. ಹಿಟ್ಟಿನ ಉಂಡೆಯೂ ತಾಟನ್ನೆಲ್ಲ ಮುಚ್ಚಿರಲಿಲ್ಲವಲ್ಲ.

ಕಾರ್ಪೆಟ್ ಮಾಡುವುದು ಬೇರೆ ಕೆಲಸ. ನಾರುಗಳ ಸಂದಿಯಲ್ಲಿ ಗಾಳಿ ಓಲಾಡಿ, ಉಜ್ಜಿ, ಸದ್ದು ಕರಗುತ್ತದೆ. ಆದರೆ ಎಲ್ಲ ಸದ್ದೂ ಅಲ್ಲ. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಅಂತ ಹಿಡಿದರೆ 1000 ಹರ್ಟ್ಜ್ ಸದ್ದಿನ ತರಂಗದ ಉದ್ದ 34 ಸೆಂ.ಮೀ., 100 ಹರ್ಟ್ಜ್‌ದು 3.4 ಮೀಟರ್. ಹೀರುವ ಪದರ ತರಂಗದ ಕಾಲು ಭಾಗದಷ್ಟು ದಪ್ಪ ಇದ್ದರೆ ಚೆನ್ನಾಗಿ ಹೀರುತ್ತದೆ. 1 ಸೆಂ.ಮೀ. ಕಾರ್ಪೆಟ್ಟಿಗೆ ಎಂಜಿನ್ನಿನ ಗುಂಯ್‌ಗುಡುವ ದಪ್ಪ ಸದ್ದು ತಡೆಯುವ ತಾಕತ್ತು ಎಲ್ಲಿಂದ ಬರಬೇಕು? ಗಾಳಿಯ ಸುಯ್ ಅನ್ನುವ ಸಣ್ಣ ಸದ್ದಷ್ಟೇ ಅದು ತಗ್ಗಿಸುತ್ತದೆ. "ದಪ್ಪ ಕಾರ್ಪೆಟ್ ಹಾಕ್ರಿ, ಕಾರು ಒಂದೂ ಸಪ್ಪಳ ಮಾಡಂಗಿಲ್ಲ" ಅನ್ನುವ ಅಂಗಡಿಯವರ ಮಾತನ್ನು ಅರ್ಧಕ್ಕರ್ಧ ಕಡಿಮೆ ಮಾಡಿ ಕೇಳಬೇಕು.

ಕಾರ್ಪೆಟ್ಟಿನ ಕೆಳಗೆ ಹಾಕುವ ಮೆತ್ತೆ ಯಾವುದು ಅನ್ನುವುದರ ಮೇಲೆ ಕಾರಿನ ಆಯುಷ್ಯ ನಿಂತಿದೆ. ಹಿಂದೆ ಸೆಣಬಿನ ಮೆತ್ತೆ ಹಾಕುತ್ತಿದ್ದರು. ಸೆಣಬು ಒದ್ದೆಯಾದರೆ ಕೊಳೆಯುತ್ತದೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಡಸು ವಸ್ತು ಹೆಚ್ಚು, ಅದಕ್ಕೇ ನೀರಿಗೆ ಅದು ಬೇಗ ಬಗ್ಗುವುದಿಲ್ಲ. ಈಗಿನ ಫೋಮುಗಳಲ್ಲಿ ಎರಡು ಜಾತಿ. ಒಂದರಲ್ಲಿ ಗುಳ್ಳೆಗಳು ಒಂದಕ್ಕೊಂದು ತೆರೆದಿರುತ್ತವೆ, ಸ್ಪಂಜಿನ ಹಾಗೆ. ಇನ್ನೊಂದರಲ್ಲಿ ಪ್ರತಿ ಗುಳ್ಳೆಯೂ ಮುಚ್ಚಿರುತ್ತದೆ, ಹವಾಯಿ ಚಪ್ಪಲಿಯ ಅಟ್ಟೆಯ ಹಾಗೆ. ಹಳೇ ಚಪ್ಪಲಿಯ ಒಂದು ತುಂಡು, ಅಷ್ಟೇ ದೊಡ್ಡ ಸ್ಪಂಜು ತಗೊಂಡು ತೂಕ ಮಾಡಿ, ಹತ್ತು ನಿಮಿಷ ನೀರಲ್ಲಿ ಅದುಮಿಟ್ಟು ಮತ್ತೆ ತೂಗಿ ನೋಡ್ರಿ. ಸ್ಪಂಜು ಸದ್ದು ಚೆನ್ನಾಗಿ ಹೀರುತ್ತದೆ, ನೀರನ್ನೂ ಅಷ್ಟೇ ಚೆನ್ನಾಗಿ. ಸಂಕೇಶ್ವರದ ಆಚೆಯ ಬಯಲುಸೀಮೆಯ ಕಾರಿಗೆ ಸ್ಪಂಜು ಹಾಕಿದರೆ ತಡೆದೀತು. ಆಜರಾದ ಕಾರಿಗೆ ಗುಳ್ಳೆ ಮುಚ್ಚಿದ ಫೋಮೇ ಬೇಕು, ಸದ್ದು ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ.

ಕತ್ತರಿಗೆ ಗಣಿತ ಬೇಕು

ಈ ಕಾರುಗಳಲ್ಲಿ ಎಂಜಿನ್ ಮುಂದೆ, ಓಡುವ ಗಾಲಿ ಹಿಂದೆ. ಶಕ್ತಿ ಒಯ್ಯುವ ದಂಡ ನೆಲದ ನಡುವೆ ಹೋಗುವುದರಿಂದ ಅಲ್ಲಿ ಒಂದು ಉದ್ದನೆಯ ಡುಬ್ಬ ಇರುತ್ತದೆ. ಡುಬ್ಬದ ಬುಡ 30 ಸೆಂ.ಮೀ. ಅಗಲ, ಆಕಾರ ಅರ್ಧ ವೃತ್ತ ಅಂದುಕೊಳ್ಳಿ. ಅದರ ಮೇಲೆ ಹಾಸುವ ತುಂಡು ಎಷ್ಟು ಅಗಲ ಇರಬೇಕು? 30 ಅಂದವರು ಬಟ್ಟೆ ಹಾಳು ಮಾಡಿದರು. ಪೈ ಗುಣಿಸು 15, ಅಂದರೆ ಸುಮಾರು 47 ಸೆಂ.ಮೀ. ಮೇಲೆ ಅಂಚು ಮಡಚಲು ಎರಡೂ ಕಡೆ ಎರಡೆರಡು ಸೆಂ.ಮೀ.

ಕೊಳವೆಯಂಥ ಭಾಗದಲ್ಲಿ ಈ ಲೆಕ್ಕ ಸಾಕು. ಕಾಗದವನ್ನು ಕೊಳವೆಗೆ ಸುಕ್ಕಿಲ್ಲದೆ ಸುತ್ತಬಹುದು. ಆದರೆ ಮುಂದೆ ಗೇರ್ ಪೆಟ್ಟಿಗೆಯ ಹತ್ತಿರ ಡುಬ್ಬ ಅಗಲವಾಗಿ ಬೋಗುಣಿ ಕವುಚಿ ಇಟ್ಟ ಹಾಗೆ ಆಗುತ್ತದೆ. ಬೋಗುಣಿಯ ಮೇಲೆ ಚಪಾತಿ ಹಾಕಿ ನೋಡ್ರಿ, ಅಂಚಿನಲ್ಲಿ ನಿರಿಗೆ ಬಂದೇ ಬರ್ತದೆ. ಎರಡೂ ದಿಕ್ಕಿನಲ್ಲಿ ಬಾಗಿದ ಮೇಲ್ಮೈಗೆ ಚಪ್ಪಟೆ ಹಾಳೆ ಸರಿಯಾಗಿ ಕೂಡುವುದೇ ಇಲ್ಲ. ಗುಂಡನೆಯ ಭೂಮಿಯನ್ನು ಭೂಪಟದಲ್ಲಿ ಬಿಡಿಸುವಾಗ ಗ್ರೀನ್‌ಲ್ಯಾಂಡ್ ಇದ್ದುದಕ್ಕಿಂತ ದೊಡ್ಡದಾಗಿ ಕಾಣುವುದಕ್ಕೂ ಇದೇ ಕಾರಣ. ಉಪಾಯ ಟೇಲರ್ ಹತ್ತಿರ ಇದೆ: ಹೆಚ್ಚಾದ ಬಟ್ಟೆಯನ್ನು ತ್ರಿಕೋನವಾಗಿ ಕತ್ತರಿಸಿ ತೆಗೆದು, ಎರಡು ಅಂಚು ಕೂಡಿಸಿ ಹೊಲಿಯುವುದು. ಕುಪ್ಪಸದಲ್ಲಿ ಹಾಕುವ ಟಕ್ಕು ಇದೇ.

ಮೊದಲು ಹಳೇ ಪತ್ರಿಕೆಯಿಂದ ಕಾಗದದ ಅಚ್ಚು ತಯಾರಿಸಬೇಕು, ಕತ್ತರಿ ಆಮೇಲೆ. ಇಲ್ಲಿ ಪ್ರತಿಬಿಂಬದ ಪಾಠ ಬರುತ್ತದೆ. ಗೆರೆ ಎಳೆಯುವುದು ಕಾರ್ಪೆಟ್ಟಿನ ಹಿಂಬದಿಗೆ, ಹಾಗಾಗಿ ಅಚ್ಚನ್ನು ಮಗುಚಿ ಇಡಬೇಕು. ಮರೆತರೆ ಬಲಗಡೆಯ ತುಂಡು ಎಡಗಡೆಯದಾಗಿ ಬರುತ್ತದೆ, ಬಲಗಾಲಿಗೆ ಎಡ ಚಪ್ಪಲಿ ಹೊಲಿದ ಹಾಗೆ. ಕಾರ್ಪೆಟ್ಟಿನ ಎಳೆಗಳು ಒಂದು ದಿಕ್ಕಿಗೆ ವಾಲಿರುತ್ತವೆ, ಕೈಯಾಡಿಸಿದರೆ ತಿಳಿಯುತ್ತದೆ. ಎಲ್ಲ ತುಂಡುಗಳೂ ಒಂದೇ ದಿಕ್ಕಿಗೆ ಇರಬೇಕು. ಇಲ್ಲವಾದರೆ ಬೆಳಕು ಬೇರೆಬೇರೆಯಾಗಿ ಚದುರಿ, ಒಂದೇ ಥಾನಿನ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ. ಇಚಲಕರಂಜಿಯ ಮಗ್ಗದ ಮನೆಗಳ ಮಕ್ಕಳಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಅಂಟಿನ ಮಾತು. ಕುಶನ್ ಕೆಲಸಕ್ಕೆ ಬಳಸುವ ಸೊಲ್ಯೂಷನ್ನಿನಲ್ಲಿ ಕೃತಕ ರಬ್ಬರ್ ಒಂದು ದ್ರಾವಕದಲ್ಲಿ ಕರಗಿರುತ್ತದೆ. ಎರಡೂ ಮೇಲ್ಮೈಗೆ ಬಳಿದು, ಬೆರಳಿಗೆ ಅಂಟದಷ್ಟು ಒಣಗುವ ತನಕ ಹತ್ತು-ಹದಿನೈದು ನಿಮಿಷ ಕಾಯಬೇಕು. ಒದ್ದೆ ಇದ್ದಾಗಲೇ ಒತ್ತಿದರೆ ದ್ರಾವಕದ ಆವಿ ನಡುವೆ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ಒಣಗಿದ ಮೇಲೆ ಎರಡು ಪದರ ಸೇರಿದರೆ ರಬ್ಬರಿನ ಉದ್ದುದ್ದ ಅಣುಗಳು ಒಂದರಲ್ಲೊಂದು ಹೆಣೆದುಕೊಳ್ಳುತ್ತವೆ. ಆಮೇಲೆ ಸರಿಸಲು ಬರುವುದಿಲ್ಲ. ಈ ದ್ರಾವಕದ ಆವಿ ಬೇಗ ಬೆಂಕಿ ಹಿಡಿಯುತ್ತದೆ, ಮಿದುಳಿಗೆ ವಿಷ. ಬಾಗಿಲು ತೆರೆದು, ದೊಡ್ಡವರು ಮಾಡಬೇಕಾದ ಕೆಲಸ. ನೀವು ದೂರದಿಂದ ನೋಡಿ.

ಡುಬ್ಬಕ್ಕೆ, ಬದಿಯ ಗೋಡೆಗೆ ಅಂಟಿಸಲಿ. ಆದರೆ ನಮ್ಮ ಮಳೆಯ ಸೀಮೆಯಲ್ಲಿ ಕಾಲಡಿಯ ತುಂಡುಗಳನ್ನು ಅಂಟಿಸಲೇಬಾರದು ಅನ್ನುವುದು ನಮ್ಮ ಅಭಿಪ್ರಾಯ. ಅಂಚಿಗೆ ಪಟ್ಟಿ ಹೊಲಿದು, ಪ್ರೆಸ್ ಬಟನ್ ಹಾಕಿ, ಬೇಕಾದಾಗ ಕಿತ್ತು ಬಿಸಿಲಿಗೆ ಹಾಕುವ ಹಾಗಿರಬೇಕು, ಕಂಬಳಿಯ ಹಾಗೆ. ಬಟನ್ ಹಾಕದೆ ಸುಮ್ಮನೆ ಹಾಸುವುದೂ ಅಪಾಯ. 2009ರ ಆಗಸ್ಟಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಹತ್ತಿರ ಬೇರೆ ಮಾದರಿಯ ಗಾಡಿಯ ಮ್ಯಾಟು ಹಾಕಿದ್ದ ಒಂದು ಲೆಕ್ಸಸ್ ಕಾರಿನಲ್ಲಿ ಆ ಮ್ಯಾಟಿಗೆ ಆಕ್ಸಿಲರೇಟರ್ ಸಿಕ್ಕಿಕೊಂಡು, ಕಾರು ನಿಲ್ಲದೆ ನಾಲ್ವರು ಸತ್ತರು. ಆ ವರ್ಷ ಟೊಯೋಟಾ ಕಂಪನಿ ಮ್ಯಾಟಿನ ಕಾರಣಕ್ಕೆ ಸುಮಾರು 38 ಲಕ್ಷ ಕಾರುಗಳ ಮಾಲೀಕರಿಗೆ ಎಚ್ಚರಿಕೆ ಕೊಡಬೇಕಾಯಿತು. ಹೊಸ ಕಾರ್ಪೆಟ್ ಹಾಕಿದ ಮೇಲೆ ಎಂಜಿನ್ ಚಾಲೂ ಮಾಡುವ ಮೊದಲೇ ಮೂರೂ ಪೆಡಲ್ ಪೂರ್ತಿ ಒತ್ತಿ ಬಿಟ್ಟು, ತಾವಾಗಿ ಮೇಲೆ ಬರ್ತಾವೋ ಇಲ್ಲವೋ ನೋಡಬೇಕು.

ಸೀಟಿನ ಬೋಲ್ಟಿನ ತೂತುಗಳನ್ನು ಕಾರ್ಪೆಟ್ಟಿನ ಮೇಲಿಂದ ಡ್ರಿಲ್ ಹಾಕಿ ತೆಗೆಯಬಾರದು. ತಿರುಗುವ ಡ್ರಿಲ್ಲಿಗೆ ಒಂದು ಎಳೆ ಸುತ್ತಿಕೊಂಡರೆ ಸಾಲು ಸಾಲೇ ಬಿಚ್ಚಿ ಬರುತ್ತದೆ. ಕೆಳಗಿನಿಂದ ದಬ್ಬಣ ಚುಚ್ಚಿ ಗುರುತು ಮಾಡಿ, ಮೇಲಿನಿಂದ ಚಾಕುವಿನಲ್ಲಿ ಸಣ್ಣ ಕೂಡಿಸುವ ಚಿಹ್ನೆಯಷ್ಟು ಸೀಳಿದರೆ ಸಾಕು.

ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆಯನ್ನು ನೀವೇ ಮಾಡಬಹುದು. ಮೃಗಶಿರಾ ಮಳೆ ಹಿಡಿಯುವ ಮೊದಲು ನಾಲ್ಕೂ ಕಾಲಡಿ ಜಾಗದಲ್ಲಿ ಕಾರ್ಪೆಟ್ಟಿನ ಕೆಳಗೆ ಒಂದೊಂದು ಹಾಳೆ ಪತ್ರಿಕೆ ಇಡಿ, ಮೇಲೆ ತಾರೀಖು ಬರೆಯಿರಿ. ವಾರಕ್ಕೊಮ್ಮೆ ತೆಗೆದು ನೋಡಿ. ಒಣ ಕಾಗದ ಗರಗರ ಅಂತದ, ಹಸಿ ಹಿಡಿದದ್ದು ಮೆತ್ತಗಾಗಿ ಸಪ್ಪಳ ಮಾಡುವುದಿಲ್ಲ. ಯಾವ ಮೂಲೆಯ ಹಾಳೆ ಮೊದಲು ಮೆತ್ತಗಾಯಿತೋ ಆ ಬದಿಯ ಬಾಗಿಲ ಅಡಿಯ ತೂತುಗಳಿಗೆ ಒಂದು ತಂತಿ ಹಾಕಿ ಮಣ್ಣು ತೆಗೆಯಿರಿ.